ಫಣಿಯಮ್ಮನ ತಲೆ ಬೋಳಿಸಿದ್ದು ಯಾರು?

ಪದವಿ ತರಗತಿಗಳಿಗೆ ಕನ್ನಡ ಪಠ್ಯ ಆರಿಸುವ ಅಧ್ಯಯನ ಮಂಡಳಿಗಳ ಸದಸ್ಯರಿಗೆ, ಪ್ರಶ್ನೆಪತ್ರಿಕೆ ತೆಗೆಯುವವರಿಗೆ, ವ್ಯಾಲ್ಯುಯೇಷನ್ ಸ್ಕೀಮ್ ಬರೆಯುವವರಿಗೆ,

ನಮಸ್ಕಾರ.

ನಾನು ಡಿಗ್ರಿ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವವಳು. 22 ವರ್ಷ ಆಯಿತು. ಇಷ್ಟು ವರ್ಷದಲ್ಲಿ ನಿಮಗೆ ಒಂದು ಕಾಗದವನ್ನೂ ಬರೆದಿರಲಿಲ್ಲ. ಈಗ ಬರೆಯುತ್ತಿರುವುದು ಒಂದು ಉತ್ತರಪತ್ರಿಕೆಯ ಕಾರಣಕ್ಕೆ.

ಒಂದು ವ್ಯಾಲ್ಯುಯೇಷನ್ನಿನಲ್ಲಿ 'ಫಣಿಯಮ್ಮ' ಕಾದಂಬರಿಯ ಮೇಲೆ ಈ ಪ್ರಶ್ನೆ ಇತ್ತು: 'ಫಣಿಯಮ್ಮನ ತ್ಯಾಗಮಯ ಬದುಕನ್ನು ಚಿತ್ರಿಸಿರಿ.' 10 ಅಂಕ. ನನ್ನ ಪಾಲಿಗೆ ಬಂದ ಪತ್ರಿಕೆಗಳಲ್ಲಿ ಹೆಚ್ಚಿನವರು ಒಂದೇ ವಾಕ್ಯ ಬರೆದಿದ್ದರು. 'ಫಣಿಯಮ್ಮನು ತಲೆ ಬೋಳಿಸಿಕೊಂಡು, ಒಪ್ಪೊತ್ತು ಉಂಡು, ಪರರಿಗಾಗಿ ಬದುಕಿದಳು.' ಗೈಡಿನ ವಾಕ್ಯ ಅದು. ಮಕ್ಕಳನ್ನು ದೂರುವುದಿಲ್ಲ. ತ್ಯಾಗ ಎಂದು ಕೇಳಿದರೆ ತ್ಯಾಗ ಎಂದೇ ಬರೆಯುತ್ತಾರೆ.

ಒಂದು ಪತ್ರಿಕೆ ಮಾತ್ರ ಬೇರೆ ಇತ್ತು. ಅಕ್ಷರ ಚೆನ್ನಾಗಿರಲಿಲ್ಲ, ಕಾಗುಣಿತದ ತಪ್ಪೂ ಇತ್ತು. ಆದರೆ ಹೀಗೆ ಬರೆದಿತ್ತು: 'ಫಣಿಯಮ್ಮನ ತಲೆ ಬೋಳಿಸಿದರು. ಅವಳನ್ನು ಯಾರೂ ಕೇಳಲಿಲ್ಲ. ಇದು ತ್ಯಾಗ ಅಲ್ಲ. ತ್ಯಾಗ ಮಾಡಬೇಕಾದರೆ ಅದು ಮೊದಲು ನಮ್ಮ ಕೈಯಲ್ಲಿ ಇರಬೇಕು.'

ನಾನು 9 ಕೊಟ್ಟೆ. ಸ್ಕೀಮಿನಲ್ಲಿ, ಅಂದರೆ ಯಾವ ಅಂಶ ಬರೆದರೆ ಅಂಕ ಕೊಡಬೇಕು ಎಂಬ ಪಟ್ಟಿಯಲ್ಲಿ, ಇದ್ದ ಅಂಶಗಳು ತ್ಯಾಗ, ಸಹನೆ, ಸೇವೆ, ನಿರ್ಲಿಪ್ತತೆ. ಅವು ಉತ್ತರದಲ್ಲಿ ಇಲ್ಲ ಎಂದು ಆ 9 ಅನ್ನು 4 ಮಾಡಲಾಯಿತು. ನಾನು ವಾದ ಮಾಡಿದೆ. 'ಸ್ಕೀಮಿನಲ್ಲಿ ಇಲ್ಲ ಮೇಡಂ' ಎಂಬ ಒಂದೇ ಉತ್ತರ ಸಿಕ್ಕಿತು. ಬಸ್ಸಿನಲ್ಲಿ ಊರಿಗೆ ಬರುವಾಗ ಇಡೀ ದಾರಿ ನನ್ನ ತಲೆಯಲ್ಲಿ ಎರಡು ಕ್ರಿಯಾಪದ ಸುತ್ತುತ್ತಿದ್ದವು. ಬೋಳಿಸಿಕೊಂಡಳು. ಬೋಳಿಸಿದರು.

ನಾವು ಕನ್ನಡ ಮೇಷ್ಟ್ರುಗಳು. ವಾಕ್ಯ ಕೊಟ್ಟು, ಕರ್ತೃ ಯಾವುದು, ಕರ್ಮ ಯಾವುದು ಹೇಳು ಎಂದು ಹೈಸ್ಕೂಲಿನಿಂದ ಕೇಳಿಕೊಂಡು ಬಂದವರು. ಅದೇ ಪ್ರಶ್ನೆಯನ್ನು ನಾವು ಪಾಠ ಮಾಡುವ ಕಾದಂಬರಿಗಳ ಹೆಣ್ಣುಮಕ್ಕಳ ವಿಷಯದಲ್ಲಿ ಯಾಕೆ ಕೇಳುವುದಿಲ್ಲ? 'ಕೊಳ್ಳು' ಎಂಬ ಒಂದು ಪುಟ್ಟ ಸಹಾಯಕ ಕ್ರಿಯಾಪದ ಸೇರಿಸಿದರೆ ಸಾಕು, ಬೇರೆಯವರು ಮಾಡಿದ್ದು ಅವಳೇ ಮಾಡಿದ್ದಾಗಿಬಿಡುತ್ತದೆ. ನಮ್ಮ ನೋಟ್ಸು ತೆಗೆದು ನೋಡಿ. ಮದುವೆ ಆಯಿತು. ವಿಧವೆ ಆದಳು. ಕೇಶಮುಂಡನ ನಡೆಯಿತು. ಬಹಿಷ್ಕಾರ ಬಿತ್ತು. ಎಲ್ಲ ತಾನಾಗಿ ಆದಂತೆ, ಮಳೆ ಬಂದಂತೆ, ಬಿಸಿಲು ಬಿದ್ದಂತೆ. ಮಾಡಿದವರು ಯಾರೂ ಇಲ್ಲ.

ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಬಂದದ್ದು 1976ರಲ್ಲಿ. ಅವರು ತಮ್ಮ ತಾಯಿಯ ಬಾಯಲ್ಲಿ ಕೇಳಿದ, ಮನೆತನದ ಹಿರಿಯ ಹೆಂಗಸೊಬ್ಬರ ಕಥೆ ಅದು. ಕಳೆದದ್ದಕ್ಕೂ ಹಿಂದಿನ ಶತಮಾನದ ಮಲೆನಾಡು. ಹುಡುಗಿಗೆ ಚಿಕ್ಕ ವಯಸ್ಸಿಗೇ ಮದುವೆ ಮಾಡುತ್ತಾರೆ. ಹುಡುಗ ಹಾವು ಕಚ್ಚಿ ಸಾಯುತ್ತಾನೆ. ಗಂಡ ಎಂದರೆ ಏನು ಎಂದು ತಿಳಿಯುವ ಮೊದಲೇ ಗಂಡ ಇಲ್ಲ. ಅವಳು ಮೈನೆರೆಯುವವರೆಗೆ ಕಾಯುತ್ತಾರೆ. ಆಮೇಲೆ ಕೂದಲು ತೆಗೆಸುತ್ತಾರೆ. ನೂರು ದಾಟುವವರೆಗೆ ಅವಳು ಹಾಗೇ ಬದುಕುತ್ತಾಳೆ. ಕಾಯುತ್ತಾರೆ, ತೆಗೆಸುತ್ತಾರೆ ಎಂದೆ ಅಲ್ವಾ, ಆ 'ತಾರೆ'ಯಲ್ಲಿ ಯಾರೆಲ್ಲ ಇದ್ದಾರೆ ಎಂದು ತರಗತಿಯಲ್ಲಿ ಒಂದು ಗಂಟೆ ಮಾತಾಡಬಹುದು. ನಾನು ಮಾತಾಡಿಸಿದ್ದೇನೆ.

ಒಬ್ಬ ಹುಡುಗ ಅಪ್ಪ ಎಂದ. ಇನ್ನೊಬ್ಬಳು ಪುರೋಹಿತರು ಎಂದಳು. ಅಪ್ಪ ಒಪ್ಪದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಬಹಿಷ್ಕಾರದ ಮಾತು ಬಂತು. ಉಳಿದ ಹೆಣ್ಣುಮಕ್ಕಳಿಗೆ ಗಂಡು ಸಿಗುವುದಿಲ್ಲ, ಮನೆಯಲ್ಲಿ ಯಾರಾದರೂ ಸತ್ತರೆ ಹೆಗಲು ಕೊಡಲು ಜನ ಬರುವುದಿಲ್ಲ. ಹಾಗಾದರೆ ಬಹಿಷ್ಕಾರ ಹಾಕುವವರು ಯಾರು? ಅಗ್ರಹಾರದ ಹಿರಿಯರು, ಅವರ ಬೆನ್ನಿಗೆ ಮಠ. ಕತ್ತಿ ಹಿಡಿದ ಕ್ಷೌರಿಕನಿಗೆ ಇದರಲ್ಲಿ ಮಾತೇ ಇಲ್ಲ, ಕರೆದರೆ ಹಿತ್ತಲ ಬಾಗಿಲಿಗೆ ಬರಬೇಕು. ಕೊನೆಯ ಬೆಂಚಿನ ಹುಡುಗಿಯೊಬ್ಬಳು, 'ಅವಳಿಗಿಂತ ಮೊದಲೇ ತಲೆ ಬೋಳಿಸಿದ ಹೆಂಗಸರು ಮನೆಯಲ್ಲಿ ಇರ್ತಾರಲ್ಲ ಮೇಡಂ, ಅವರೂ ಸೇರಿರ್ತಾರೆ' ಎಂದಳು. ಆಗ ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು. ಈ ಒಂದು ಗಂಟೆಯಲ್ಲಿ ಮಕ್ಕಳು ಕಲಿತದ್ದು ಪರೀಕ್ಷೆಯಲ್ಲಿ ಎಲ್ಲೂ ಬರೆಯಲು ಬರುವುದಿಲ್ಲ. ಜಾಗವೇ ಇಲ್ಲ.

ಇಂದಿರಾ ಅವರೇ ಫಣಿಯಮ್ಮನನ್ನು ಪೂಜ್ಯಳಂತೆ ಕಂಡಿದ್ದಾರೆ ಎಂದು ನೀವು ಹೇಳಬಹುದು. ನಿಜ, ಒಪ್ಪುತ್ತೇನೆ. ಕಾದಂಬರಿಯ ಧಾಟಿಯೇ ಕೈಮುಗಿಯುವ ಧಾಟಿ. ಆದರೆ ಅದೇ ಪುಸ್ತಕದಲ್ಲಿ ಅವರು ದಾಕ್ಷಾಯಿಣಿಯನ್ನೂ ತಂದು ನಿಲ್ಲಿಸಿದ್ದಾರೆ. ಎಳೆಯ ವಯಸ್ಸಿನ ವಿಧವೆ. ಕೂದಲು ತೆಗೆಸಲು ಬಂದಾಗ ಆಗುವುದಿಲ್ಲ ಎಂದು ಜಗಳಕ್ಕೆ ನಿಲ್ಲುತ್ತಾಳೆ. ಆಗ ಮಡಿಹೆಂಗಸು ಫಣಿಯಮ್ಮ ಏನು ಮಾಡುತ್ತಾಳೆ? 'ನಾನು ಅನುಭವಿಸಲಿಲ್ಲವೇ, ನೀನೂ ಅನುಭವಿಸು' ಎನ್ನುವ ಹೆಂಗಸಲ್ಲ ಅವಳು. ಹುಡುಗಿಯ ಪರ ನಿಲ್ಲುತ್ತಾಳೆ. ನನ್ನ ಪಾಲಿಗೆ ಇಡೀ ಕಾದಂಬರಿ ತಿರುಗುವುದು ಅಲ್ಲಿ. ಕೇರಿಯ ಹೆಣ್ಣೊಬ್ಬಳು ಹೆರಿಗೆಯಲ್ಲಿ ಕಷ್ಟಪಡುತ್ತಿದ್ದಾಗ ಜಾತಿಯ ಗೆರೆ ದಾಟಿ ಹೋಗಿ ಮಗು ಹೊರತೆಗೆದವಳೂ ಇದೇ ಫಣಿಯಮ್ಮ. ಎರಡೂ ಕಡೆ ಕ್ರಿಯಾಪದ ಅವಳದೇ. ನಿಂತಳು. ಹೋದಳು. ತೆಗೆದಳು. ಅವಳು ನಿಜವಾಗಿ ಮಾಡಿದ್ದನ್ನು ನಾವು ಎರಡು ಅಂಕದ ಟಿಪ್ಪಣಿ ಮಾಡಿದ್ದೇವೆ. ಬೇರೆಯವರು ಅವಳಿಗೆ ಮಾಡಿದ್ದನ್ನು ಹತ್ತು ಅಂಕದ ತ್ಯಾಗ ಮಾಡಿದ್ದೇವೆ.

ನನಗೆ ಇದು ಬರೀ ಪಾಠದ ಮಾತಲ್ಲ. ನಮ್ಮ ಅಜ್ಜಿಯ ಮನೆಯಲ್ಲಿ ಕೆಂಪು ಸೀರೆಯ ದೊಡ್ಡಜ್ಜಿ ಇದ್ದರು. ಸೆರಗು ಯಾವಾಗಲೂ ತಲೆಯ ಮೇಲೆ. ನಮಗೆ ಮಕ್ಕಳಿಗೆ ಆ ಸೆರಗಿನೊಳಗೆ ಏನಿದೆ ಎಂದು ಕುತೂಹಲ. ಒಂದು ದಿನ ಕೇಳಿಯೇಬಿಟ್ಟೆ, 'ದೊಡ್ಡಜ್ಜಿ, ನಿಂಗೆ ಕೂದಲು ಯಾಕಿಲ್ಲ?' ಅವರು ಹಪ್ಪಳ ಒತ್ತುತ್ತಿದ್ದರು. ಕೈ ನಿಲ್ಲಿಸಲಿಲ್ಲ. 'ತೆಗೆದ್ರು' ಅಂದರು. ಅಷ್ಟೇ. ತೆಗೆಸಿಕೊಂಡೆ ಎನ್ನಲಿಲ್ಲ. ಓದು ಬರಹ ಇಲ್ಲದ ದೊಡ್ಡಜ್ಜಿಗೆ ಗೊತ್ತಿದ್ದ ವ್ಯಾಕರಣ ನಮ್ಮ ಗೈಡುಗಳಿಗೆ ಗೊತ್ತಿಲ್ಲವಲ್ಲ ಎಂದು ಈಗ ಸಂಕಟವಾಗುತ್ತದೆ.

'ಗೃಹಭಂಗ'ದ ನಂಜಮ್ಮನ ಕಡೆ ಬನ್ನಿ. ಎಸ್.ಎಲ್. ಭೈರಪ್ಪನವರ 1970ರ ಕಾದಂಬರಿ. ಅವಳ ಬಗ್ಗೆ ನಾವು ಕೇಳುವ ಪ್ರಶ್ನೆಯೂ ಇದೇ ಜಾತಿಯದು: 'ನಂಜಮ್ಮನ ಸಹನಾಶೀಲತೆಯನ್ನು ವಿವರಿಸಿ.' ಪ್ಲೇಗಿನಲ್ಲಿ ಮಕ್ಕಳನ್ನು ಕಳೆದುಕೊಂಡವಳು, ಕೊನೆಗೆ ತಾನೂ ಅದಕ್ಕೇ ತುತ್ತಾದವಳು, ಸಹಿಸಿದ್ದಾಳೆ ನಿಜ. ಆದರೆ ಅವಳು ಮಾಡಿದ್ದೇನು ನೋಡಿ. ಗಂಡ ಚೆನ್ನಿಗರಾಯ ಶಾನುಭೋಗ. ಲೆಕ್ಕ ಬರೆಯಲು ಅವನಿಗೆ ಬರುವುದಿಲ್ಲ. ನಂಜಮ್ಮ ಕಲಿಯುತ್ತಾಳೆ. ಮನೆಯ ಕೆಲಸ ಮುಗಿಸಿ ಕೂತು ಊರಿನ ಲೆಕ್ಕದ ಪುಸ್ತಕಗಳನ್ನು ಬರೆಯುತ್ತಾಳೆ. ಹಣ ಸಾಲದೆ ಎಲೆ ಹಚ್ಚಿ ಮಾರುತ್ತಾಳೆ. ಲೆಕ್ಕ ಬರೆದವಳು ಅವಳು, ಶಾನುಭೋಗ ಎಂಬ ಹೆಸರು ಅವನದು, ಬಂದ ದುಡ್ಡೂ ಅವನ ಕೈಗೆ. ಇದನ್ನು ಸಹನೆ ಎಂದು ಕರೆದು ಮುಗಿಸಿದರೆ ಒಂದು ಊರಿನ ಕಂದಾಯದ ಲೆಕ್ಕವನ್ನು ನಡೆಸಿದ ಹೆಂಗಸನ್ನು ನಾವೇ ಅಳಿಸಿದಂತೆ ಆಗುತ್ತದೆ. ವಾಣಿಜ್ಯ ವಿಭಾಗದ ಹುಡುಗಿಯರು ನನ್ನ ತರಗತಿಗೆ ಬರುತ್ತಾರೆ. 'ಅಪ್ಪನ ಅಂಗಡಿ ಲೆಕ್ಕ ಎಲ್ಲ ಅಮ್ಮನೇ ನೋಡೋದು ಮೇಡಂ, ಬೋರ್ಡಿನಲ್ಲಿ ಮಾತ್ರ ಅಪ್ಪನ ಹೆಸರು' ಎಂದು ಅವರಲ್ಲಿ ಒಬ್ಬಳು ತಾನಾಗಿ ಹೇಳಿದ್ದು ಈ ಪಾಠದ ದಿನವೇ.

ಯು.ಆರ್. ಅನಂತಮೂರ್ತಿ ಅವರ 'ಸಂಸ್ಕಾರ'ದಲ್ಲೂ ಹೀಗೇ. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ತೊಳಲಾಟದ ಮೇಲೆ ಎಷ್ಟು ಪುಟ ಬರೆಸುತ್ತೇವೆ! ಇಡೀ ಅಗ್ರಹಾರ, ಆಚಾರ ಮುರಿದ ನಾರಣಪ್ಪನ ಹೆಣ ಇಟ್ಟುಕೊಂಡು ಯಾರು ಸುಡಬೇಕು, ಸುಡಬಹುದೇ ಎಂದು ತರ್ಕ ಮಾಡುತ್ತದೆ. ಊಟ ಬಿಟ್ಟು ಕೂತಿರುತ್ತದೆ. ಅತ್ತ ನಾರಣಪ್ಪನ ಜೊತೆ ಬಾಳಿದ ಚಂದ್ರಿ ರಾತ್ರಿ ಹೋಗಿ, ಮೀನು ವ್ಯಾಪಾರದ ಸಾಬರ ಸಹಾಯ ಕೇಳಿ, ಹೆಣ ಸಾಗಿಸಿ ಸುಡಿಸಿ ಬರುತ್ತಾಳೆ. ಅಗ್ರಹಾರಕ್ಕೆ ಗೊತ್ತೇ ಆಗುವುದಿಲ್ಲ. ಕಾದಂಬರಿಯ ಹೆಸರಿನಲ್ಲಿರುವ ಕೆಲಸವನ್ನು ಮಾಡಿಸಿದವಳು ಅವಳು. ಅವಳ ಮೇಲೆ 10 ಅಂಕದ ಪ್ರಶ್ನೆಯನ್ನು ಈ 22 ವರ್ಷದಲ್ಲಿ ನಾನು ಒಮ್ಮೆಯೂ ಕಂಡಿಲ್ಲ.

ತ್ರಿವೇಣಿ ಅವರ 'ಶರಪಂಜರ'ದ ಕಾವೇರಿಗೆ ಏನಾಯಿತು ಎಂದರೆ 'ಹುಚ್ಚು ಹಿಡಿಯಿತು' ಎನ್ನುತ್ತೇವೆ. ಮೊದಲ ಸಲಕ್ಕೆ ಆ ಮಾತು ಸರಿ ಇರಬಹುದು, ಬಾಣಂತಿಯ ಕಾಯಿಲೆ ಅದು. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬಂದ ಮೇಲೆ? ಯಾರೂ ಅವಳನ್ನು ನಂಬುವುದಿಲ್ಲ. ಜೋರಾಗಿ ನಕ್ಕರೂ ಅನುಮಾನ, ಅತ್ತರೂ ಅನುಮಾನ. ಎರಡನೆಯ ಸಲ ಹುಚ್ಚು ಹಿಡಿಯಲಿಲ್ಲ, ಹಿಡಿಸಿದರು. ಕನ್ನಡದಲ್ಲಿ ಆ ಎರಡು ಮಾತಿಗೆ ಎಷ್ಟು ದೂರ ಇದೆ! ತ್ರಿವೇಣಿ ಮನಶ್ಶಾಸ್ತ್ರ ಓದಿದವರು, ಆ ದೂರ ಗೊತ್ತಿದ್ದೇ ಬರೆದವರು. ಹೆರಿಗೆಯಾದ ಕೆಲವೇ ದಿನಕ್ಕೆ, 1963ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡರು. ಅದನ್ನು ನೆನೆದಾಗೆಲ್ಲ ನನಗೆ ಆ ಪುಸ್ತಕದ ಪುಟ ಮುಂದೆ ತಿರುಗಿಸಲು ಆಗುವುದಿಲ್ಲ.

ಇನ್ನು ಸ್ವಲ್ಪ ಕಷ್ಟದ ಮಾತು. ಕೆಲವು ಸಲ ಕರ್ತೃ ಕಥೆಯೊಳಗೆ ಇರುವುದಿಲ್ಲ, ಕಥೆ ಬರೆದವರೇ ಆಗಿರುತ್ತಾರೆ.

ಭೈರಪ್ಪನವರದೇ 'ವಂಶವೃಕ್ಷ'ದ ಕಾತ್ಯಾಯಿನಿ ನಂಜನಗೂಡಿನ ಶ್ರೋತ್ರಿಗಳ ಮನೆಯ ಸೊಸೆ. ಗಂಡ ಕಪಿಲೆಯಲ್ಲಿ ಮುಳುಗಿ ಸಾಯುತ್ತಾನೆ. ಅವಳು ಮೈಸೂರಿಗೆ ಓದಲು ಹೋಗುತ್ತಾಳೆ, ಇಷ್ಟಪಟ್ಟವನನ್ನು ಮದುವೆಯಾಗುತ್ತಾಳೆ. ಆಮೇಲೆ ಗರ್ಭ ನಿಲ್ಲುವುದಿಲ್ಲ. ಮತ್ತೆ ಮತ್ತೆ ಹೋಗುತ್ತದೆ. ಹೆತ್ತ ಮಗ ಅಜ್ಜನ ಮನೆಯಲ್ಲೇ ಉಳಿದು, ಅವಳಿಗೆ ಪರಕೀಯನಾಗುತ್ತಾನೆ. ಕೊರಗಿ ಸಾಯುತ್ತಾಳೆ. ಒಮ್ಮೆ ತರಗತಿಯಲ್ಲಿ ಒಬ್ಬಳು ನೇರವಾಗಿ ಕೇಳಿದಳು: 'ಮೇಡಂ, ಇವಳನ್ನು ಲೇಖಕರು ಯಾಕೆ ಸಾಯಿಸಿದರು?' ನನಗೆ ಖುಷಿಯಾಯಿತು. ಅದು ಒಳ್ಳೆಯ ಪ್ರಶ್ನೆ. ಅದಕ್ಕೆ ಒಂದೇ ಉತ್ತರ ಇಲ್ಲ. ಅದೇ ಕಾದಂಬರಿಯಲ್ಲಿ ಶ್ರೋತ್ರಿಗಳು ಜೀವಮಾನವಿಡೀ ನಂಬಿದ ವಂಶದ ಶುದ್ಧಿಯೇ ಸುಳ್ಳು ಎಂದು ತಿಳಿಯುತ್ತದೆ. ಆ ಸತ್ಯ ತಿಳಿದ ಶ್ರೋತ್ರಿಗಳಿಗೆ ಮನೆ ಬಿಟ್ಟು ಹೊರಡುವ ದಾರಿ ಇದೆ. ಕಾತ್ಯಾಯಿನಿಗೆ ಇರುವುದು ಸಾವು. ಯಾಕೆ ಹೀಗೆ? ಮಕ್ಕಳು ವಾದ ಮಾಡಲಿ. ದೊಡ್ಡ ಕಾದಂಬರಿ, ವಾದ ತಡೆದುಕೊಳ್ಳುವಷ್ಟು ಗಟ್ಟಿ ಇದೆ. ನಾವು ಮಾತ್ರ 'ಕಾತ್ಯಾಯಿನಿಯ ದುರಂತವನ್ನು ವಿವರಿಸಿ' ಎಂದು ಕೇಳಿ ಅದನ್ನೂ ಅವಳ ಹಣೆಬರಹಕ್ಕೆ ಹಾಕುತ್ತೇವೆ.

ಹೀಗೆ ಬರೆಯಲೇಬೇಕಿತ್ತು, ಕಾಲವೇ ಹಾಗಿತ್ತು ಎನ್ನುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಮಂಗಳೂರಿನಲ್ಲಿ ಅಚ್ಚಾದದ್ದು 1899ರಲ್ಲಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ನಾವೇ ಒಂದು ಅಂಕಕ್ಕೆ ಬಾಯಿಪಾಠ ಮಾಡಿಸುತ್ತೇವೆ. ಅದರಲ್ಲಿ ಏನಾಗುತ್ತದೆ ಎಂದು ಎಷ್ಟು ಮಕ್ಕಳಿಗೆ ಗೊತ್ತು? ಎಳೆಯ ವಿಧವೆ ಇಂದಿರೆ, ತಂದೆತಾಯಿ ನಂಬಿದ ಕಪಟ ಸಂತರ ಕೈಯಿಂದ ತಪ್ಪಿಸಿಕೊಂಡು ಮನೆ ಬಿಟ್ಟು ಹೋಗುತ್ತಾಳೆ. ಅಮೃತರಾಯನ ಮನೆಯಲ್ಲಿ ಆಸರೆ ಪಡೆಯುತ್ತಾಳೆ, ಓದುತ್ತಾಳೆ, ಭಾಸ್ಕರನನ್ನು ಮದುವೆಯಾಗುತ್ತಾಳೆ. ಸಾಯುವುದಿಲ್ಲ! ವಿಧವಾ ವಿವಾಹದ ಕಾನೂನು ಬಂದದ್ದು 1856ರಲ್ಲಿ. ಮೈಸೂರು ಸಂಸ್ಥಾನದಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆ ಮಾಡಬಾರದು ಎಂಬ ಕಾಯಿದೆ 1894ರಲ್ಲಿ ಬಂತು. ಎಂಟು ವರ್ಷ! ಅಷ್ಟಕ್ಕೂ ಆಗ ಎಷ್ಟು ವಿರೋಧ ಇತ್ತು. ಅಂಥ ಹೊತ್ತಿನಲ್ಲಿ ಒಬ್ಬ ಲೇಖಕ ತನ್ನ ನಾಯಕಿಯನ್ನು ಬದುಕಿಸಿದ. ಅಂದರೆ ಬೇರೆ ದಾರಿ ಆಗಲೂ ಕಾಣುತ್ತಿತ್ತು.

ಶ್ರೋತ್ರಿಗಳ ಅದೇ ನಂಜನಗೂಡಿನಲ್ಲಿ ಒಬ್ಬ ನಿಜವಾದ ಬಾಲವಿಧವೆ ಇದ್ದರು. ತಿರುಮಲಾಂಬ. 1887ರಲ್ಲಿ ಹುಟ್ಟಿದವರು. 1913ರಲ್ಲಿ 'ಸತೀ ಹಿತೈಷಿಣಿ' ಎಂಬ ಗ್ರಂಥಮಾಲೆ ಶುರು ಮಾಡಿದರು. ಕಾದಂಬರಿ ಬರೆದರು, ಪುಸ್ತಕ ಅಚ್ಚು ಹಾಕಿಸಿದರು, 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿದರು. ಅವರ ನಾಯಕಿಯರು ಪತಿವ್ರತೆಯರು, ಹೌದು. ಇವತ್ತು ಓದಿದರೆ ಹುಡುಗಿಯರಿಗೆ ಸಿಟ್ಟು ಬರುತ್ತದೆ, ನನಗೂ ಬರುತ್ತದೆ. ಆದರೆ ಒಂದು ಮಾತು ನೋಡಿ. ಫಣಿಯಮ್ಮ ಮಲೆನಾಡಿನಲ್ಲಿ ಬದುಕಿದ್ದ ಕಾಲದಲ್ಲೇ ಇತ್ತ ಕಪಿಲಾ ತೀರದಲ್ಲಿ ಇನ್ನೊಬ್ಬ ವಿಧವೆ ಪತ್ರಿಕೆಯ ಪ್ರೂಫ್ ತಿದ್ದುತ್ತಿದ್ದರು. ಆಮೇಲೆ ಅವರನ್ನು ಕನ್ನಡ ಮರೆತೇಬಿಟ್ಟಿತು. ತಪ್ಪಾಯಿತು, ಮತ್ತೆ ಅದೇ ವ್ಯಾಕರಣ ನನ್ನ ಬಾಯಿಗೂ ಬಂತು. ನಾವು ಮರೆತೆವು. 1982ರವರೆಗೆ ಅವರು ಬದುಕಿದ್ದರು. ಸಾಹಿತ್ಯ ಚರಿತ್ರೆಯ ಪೇಪರಿನಲ್ಲಿ ಅವರಿಗೆ ಒಂದು ಸಾಲು ಕೊಡುವುದು ನಮ್ಮ ಕೈಯಲ್ಲೇ ಇತ್ತು.

ಕೊಡಗಿನ ಗೌರಮ್ಮನವರ ಒಂದು ಕಥೆಯ ಹೆಸರೇ 'ಅಪರಾಧಿ ಯಾರು?' ಎಂದು. 1939ರಲ್ಲಿ, 27ರ ವಯಸ್ಸಿಗೇ ನೀರಿನಲ್ಲಿ ಮುಳುಗಿ ಹೋದವರು ಅವರು. ನಾನು ನಿಮ್ಮನ್ನು ಕೇಳುತ್ತಿರುವ ಪ್ರಶ್ನೆಯನ್ನು ಆ ಹುಡುಗಿ ಆಗಲೇ ಕಥೆಯ ತಲೆಯ ಮೇಲೆ ಬರೆದಿಟ್ಟಿದ್ದರು.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ನನ್ನ ಮುಂದೆ ಕೂರುವವರು 19-20ರ ಹುಡುಗಿಯರು. ಎರಡನೇ ವರ್ಷದ ಮಧ್ಯದಲ್ಲಿ ಒಬ್ಬಳು ಬಂದು ಮೇಜಿನ ಹತ್ತಿರ ನಿಲ್ಲುತ್ತಾಳೆ. 'ಮೇಡಂ, ಮದುವೆ ಫಿಕ್ಸ್ ಆಯ್ತು.' ಪ್ರತಿ ವರ್ಷ ಒಬ್ಬಳಾದರೂ ಇರುತ್ತಾಳೆ. ಮುಂಚೆ ನಾನು 'ಒಳ್ಳೇದಾಯ್ತಮ್ಮ, ಪರೀಕ್ಷೆ ಮಾತ್ರ ಬಿಡಬೇಡ' ಎನ್ನುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ಹೋದ ವರ್ಷ ಬಂದವಳನ್ನು ಕೇಳಿದೆ, 'ಆಯ್ತಾ, ಮಾಡಿದ್ರಾ?' ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಫಣಿಯಮ್ಮನ ಪಾಠ ಕೇಳಿದವಳು. 'ದೊಡ್ಡಪ್ಪ ಮಾಡಿದ್ರು ಮೇಡಂ. ಅಪ್ಪ ಬೇಡ ಅನ್ನಲಿಲ್ಲ' ಎಂದಳು. 'ನೀನು?' ಎಂದೆ. 'ನನ್ನನ್ನ ಇನ್ನೂ ಕೇಳಿಲ್ಲ.' ಆ ವಾಕ್ಯ ಅವಳ ಬಾಯಿಂದ ಬಂದಾಗ ಅವಳ ಮುಖ ಬದಲಾಯಿತು. ಮನೆಗೆ ಹೋಗಿ ಅಪ್ಪನ ಹತ್ತಿರ ಮಾತಾಡಿದಳು. ಡಿಗ್ರಿ ಮುಗಿಯುವವರೆಗೆ ಮುಂದಕ್ಕೆ ಹಾಕಿದ್ದಾರೆ. ಆಮೇಲೆ ಏನು ಎಂದು ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಪಾಠದಿಂದ ಎಲ್ಲ ಬದಲಾಗುತ್ತದೆ ಎಂದು ಹೇಳಲು ನಾನು ಬಂದಿಲ್ಲ. ಒಂದು ವಾಕ್ಯದಲ್ಲಿ ಮಾಡಿದವರನ್ನು ಹುಡುಕುವುದು ಕಲಿತರೆ, ಇನ್ನೊಂದು ವಾಕ್ಯದಲ್ಲೂ ಹುಡುಕುತ್ತಾರೆ. ಅಷ್ಟು ನೋಡಿದ್ದೇನೆ.

ನಾನು ಪಠ್ಯ ಬದಲಿಸಿ ಎನ್ನುತ್ತಿಲ್ಲ. ಈ ಕಾದಂಬರಿಗಳು ಇರಲಿ, ಇನ್ನೂ ಜಾಸ್ತಿ ಇರಲಿ. ಬದಲಿಸಬೇಕಾದ್ದು ಪ್ರಶ್ನೆ ಮತ್ತು ಸ್ಕೀಮ್. 'ಫಣಿಯಮ್ಮನ ತ್ಯಾಗವನ್ನು ಚಿತ್ರಿಸಿ' ಎನ್ನುವ ಕಡೆ 'ಫಣಿಯಮ್ಮನ ಬದುಕಿನ ತೀರ್ಮಾನಗಳನ್ನು ಯಾರು ಯಾರು ಮಾಡಿದರು? ಅವಳೇ ಮಾಡಿದ ತೀರ್ಮಾನಗಳು ಯಾವುವು?' ಎಂದು ಕೇಳಿ. 'ನಂಜಮ್ಮನ ಸಹನೆ' ಎನ್ನುವ ಕಡೆ 'ನಂಜಮ್ಮನ ದುಡಿಮೆಯ ಫಲ ಯಾರ ಕೈ ಸೇರಿತು?' ಎಂದು ಕೇಳಿ. ಅಗ್ರಹಾರದವರಿಗೆ ಆಗದ್ದು ಚಂದ್ರಿಗೆ ಹೇಗೆ ಆಯಿತು ಎಂದು ಕೇಳಿ. ಹುಡುಗರಿಗೂ ಈ ಪ್ರಶ್ನೆಗಳು ಬೇಕು, ಬಹುಶಃ ಅವರಿಗೇ ಜಾಸ್ತಿ ಬೇಕು. ನಾಳೆ ಅಪ್ಪ, ಮಾವ, ದೊಡ್ಡಪ್ಪ ಆಗುವವರು ಅವರು. ಸ್ಕೀಮಿನ ಕೊನೆಯಲ್ಲಿ ಒಂದು ಸಾಲು ಸೇರಿಸಿ: ಪಠ್ಯದಿಂದ ಆಧಾರ ಕೊಟ್ಟು ಬೇರೆ ರೀತಿ ವಾದಿಸಿದ ಉತ್ತರಕ್ಕೂ ಪೂರ್ಣ ಅಂಕ ಕೊಡಬಹುದು. ಆ ಒಂದು ಸಾಲು ಇದ್ದಿದ್ದರೆ ಆ ವಿದ್ಯಾರ್ಥಿಯ 9 ಉಳಿಯುತ್ತಿತ್ತು.

ಹಳೆಯ ಪ್ರಶ್ನೆಪತ್ರಿಕೆಗಳನ್ನು ಮುಂದಿಟ್ಟುಕೊಂಡು ನಾನೇ 30 ಪ್ರಶ್ನೆಗಳನ್ನು ತಿದ್ದಿ ಬರೆದಿದ್ದೇನೆ. ಈ ಪತ್ರದ ಜೊತೆ ನಿಮ್ಮ ಮಂಡಳಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಮುಂದಿನ ಸಭೆಯಲ್ಲಿ ಓದಿ. ತಪ್ಪಿದ್ದರೆ ಕೆಂಪು ಇಂಕಿನಲ್ಲಿ ತಿದ್ದಿ ವಾಪಸ್ ಕಳಿಸಿ, ಮತ್ತೆ ಬರೆದು ಕೊಡುತ್ತೇನೆ.

ಇಂತಿ,
ಒಬ್ಬ ಕನ್ನಡ ಅಧ್ಯಾಪಕಿ